ಪುಣೆಯಿಂದ ನ್ಯೂಜಿಲೆಂಡಿಗೆ: ವಿಮಾನದ ಟಿಕೆಟ್ ಕೊಳ್ಳುವ ಮುನ್ನ ನೋಡಬೇಕಾದದ್ದು

ನನ್ನ ಪತಿ, 74 ವರ್ಷದ ನಮ್ಮ ಅತ್ತೆಯವರು ಮತ್ತು ನಾನು ಕಳೆದ ಮಾರ್ಚ್ ತಿಂಗಳಲ್ಲಿ ಪುಣೆಯಿಂದ ಹೊರಟು ಹದಿನೇಳು ದಿನಗಳ ನ್ಯೂಜಿಲೆಂಡ್ ಪ್ರವಾಸ ಮುಗಿಸಿ ಬಂದೆವು. ಅಲ್ಲಿನ ಸರೋವರ, ಹಿಮನದಿಗಳ ಬಗ್ಗೆ ಓದಲು ಬೇಕಾದಷ್ಟು ಸಿಗುತ್ತದೆ. ಆದರೆ ಪುಣೆಯ ಕೋಥರೂಡಿನ ನಮ್ಮ ಕನ್ನಡ ನೆರೆಹೊರೆಯವರು ಸಿಕ್ಕಾಗಲೆಲ್ಲ ಕೇಳುವುದು, ಟಿಕೆಟ್ ಹೇಗೆ ಆರಿಸಿದಿರಿ, ಅತ್ತೆಯವರು ಅಷ್ಟು ಹೊತ್ತು ಹೇಗೆ ಕುಳಿತರು ಎಂದೇ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ವಿವರವಾಗಿ ಬರೆದಿಡುವುದು ಲೇಸೆನಿಸಿತು. ವಿಮಾನದ ಆಯ್ಕೆಯನ್ನು ದರದಿಂದ ಶುರು ಮಾಡಬಾರದು, ಅಲ್ಲಿ ಇಳಿಯುವ ಹೊತ್ತನ್ನು ಮೊದಲು ಗೊತ್ತುಮಾಡಿಕೊಂಡು ಹಿಂದಕ್ಕೆ ಲೆಕ್ಕ ಹಾಕುತ್ತ ಬರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮುಂಬೈಯಿಂದ ಆಕ್ಲೆಂಡಿಗೆ ನೇರ ವಿಮಾನವಿಲ್ಲ. ಸಿಂಗಪುರ, ಕ್ವಾಲಾಲಂಪುರ, ಹಾಂಗ್‌ಕಾಂಗ್ ಹೀಗೆ ಎಲ್ಲಾದರೂ ಒಂದು ಕಡೆ ಇಳಿದು ಬದಲಾಯಿಸಲೇಬೇಕು. ಸಿಂಗಪುರದ ದಾರಿಯಲ್ಲಿ ಮೊದಲ ಹಾರಾಟ ಸುಮಾರು ಐದೂವರೆ ಗಂಟೆ, ಎರಡನೆಯದು ಸುಮಾರು ಹತ್ತು ಗಂಟೆ. ನಾವು ನೋಡಿದ ದಿನಾಂಕಕ್ಕೆ ಎರಡು ಬಗೆಯ ಜೋಡಣೆಗಳಿದ್ದವು. ಒಂದು, ರಾತ್ರಿ ಮುಂಬೈ ಬಿಟ್ಟು ಬೆಳಿಗ್ಗೆ ಸಿಂಗಪುರ ಮುಟ್ಟಿ, ಕೂಡಲೇ ಮುಂದಿನ ವಿಮಾನ ಹತ್ತಿ ಮಧ್ಯರಾತ್ರಿಯ ಹೊತ್ತಿಗೆ ಆಕ್ಲೆಂಡಿನಲ್ಲಿ ಇಳಿಸುವಂಥದ್ದು. ಇನ್ನೊಂದು, ಹಗಲು ಮುಂಬೈ ಬಿಟ್ಟು ರಾತ್ರಿ ಸಿಂಗಪುರದಲ್ಲಿ ಬದಲಾಯಿಸಿ ಮರುದಿನ ಮಧ್ಯಾಹ್ನ ತಲುಪಿಸುವಂಥದ್ದು. ಮೊದಲನೆಯದರಲ್ಲಿ ಒಟ್ಟು ಸಮಯವೂ ಕಡಿಮೆ, ಮೂವರಿಗೂ ಸೇರಿ 27,000 ರೂಪಾಯಿ ಉಳಿತಾಯವೂ ಆಗುತ್ತಿತ್ತು. ಆದರೂ ಎರಡನೆಯದನ್ನೇ ಕೊಂಡೆವು. ಮಾರ್ಚ್‌ನಲ್ಲಿ ನ್ಯೂಜಿಲೆಂಡಿನ ಗಡಿಯಾರ ನಮ್ಮದಕ್ಕಿಂತ ಏಳೂವರೆ ಗಂಟೆ ಮುಂದಿರುತ್ತದೆ. ಅಲ್ಲಿ ಮಧ್ಯರಾತ್ರಿ ಇಳಿದು ವಲಸೆ ತಪಾಸಣೆ, ಸಾಮಾನು, ಟ್ಯಾಕ್ಸಿ ಎಲ್ಲ ಮುಗಿಸಿ ಹೋಟೆಲ್ ಸೇರುವಷ್ಟರಲ್ಲಿ ರಾತ್ರಿಯ ಎರಡು ಗಂಟೆಯಾಗಿದ್ದರೂ, ನಮ್ಮ ದೇಹಕ್ಕೆ ಅದಿನ್ನೂ ಸಂಜೆ ಆರೂವರೆ. ನಿದ್ದೆ ಬರುವುದಿಲ್ಲ, ಮರುದಿನವೂ ಕೆಡುತ್ತದೆ. ಮಧ್ಯಾಹ್ನ ಇಳಿದರೆ ಸಂಜೆಯವರೆಗೆ ಬಿಸಿಲಿನಲ್ಲಿ ಅಡ್ಡಾಡಿ, ಅಲ್ಲಿಯ ಹೊತ್ತಿಗೆ ಊಟ ಮಾಡಿ ಮಲಗಬಹುದು.

ಇಳಿದ ಮೇಲೆ ಹಿಡಿಯುವ ಸಮಯವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಆಹಾರ ಪದಾರ್ಥಗಳ ವಿಷಯದಲ್ಲಿ ನ್ಯೂಜಿಲೆಂಡ್ ಬಹಳ ಕಟ್ಟುನಿಟ್ಟು. ಘೋಷಿಸದೆ ಒಯ್ದರೆ ಅಲ್ಲಿಯೇ 400 ನ್ಯೂಜಿಲೆಂಡ್ ಡಾಲರ್ ದಂಡ. ನಾವು ಚಟ್ನಿಪುಡಿ, ಅವಲಕ್ಕಿ ಎಲ್ಲವನ್ನೂ ಅರ್ಜಿಯಲ್ಲಿ ಬರೆದು ಒಂದೇ ಚೀಲದಲ್ಲಿ ಮೇಲುಗಡೆ ಇಟ್ಟಿದ್ದೆವು. ಅಧಿಕಾರಿ ಪೊಟ್ಟಣ ಬಿಚ್ಚಿ ನೋಡಿ ಸೌಜನ್ಯದಿಂದಲೇ ಬಿಟ್ಟರು, ಆದರೆ ಅದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಆಕ್ಲೆಂಡಿನಿಂದ ಅದೇ ದಿನ ಇನ್ನೊಂದು ಊರಿಗೆ ಹಾರುವವರು ಸಾಮಾನು ಬಿಡಿಸಿಕೊಂಡು ದೇಶೀಯ ಟರ್ಮಿನಲ್ಲಿಗೆ ಸಾಗಬೇಕಾಗುತ್ತದೆ. ಆದ್ದರಿಂದ ನಡುವೆ ಮೂರು ಗಂಟೆಯಾದರೂ ಇರಲಿ.

ಒಂದೇ ಟಿಕೆಟ್, ಒಂದೇ ಪಿಎನ್‌ಆರ್ ಎಂಬ ಮಾತನ್ನು ಪುಣೆಯವರಿಗೆ ನಾನು ಒತ್ತಿ ಹೇಳುತ್ತೇನೆ. ನಮ್ಮ ಪುಣೆಯ ಲೋಹೆಗಾಂವ್ ವಿಮಾನ ನಿಲ್ದಾಣ ವಾಯುಪಡೆಯ ನೆಲೆ. ಅಲ್ಲಿಂದ ಹೊರದೇಶಕ್ಕೆ ಹೋಗುವ ವಿಮಾನಗಳು ಕೆಲವೇ. ಹಾಗಾಗಿ ನಾವೆಲ್ಲ ದೆಹಲಿಗೋ ಮುಂಬೈಗೋ ಮೊದಲು ಹೋಗುವವರು. ಕೆಲವು ವರ್ಷಗಳ ಹಿಂದೆ ಯುರೋಪಿಗೆ ಹೊರಟಾಗ ಪುಣೆ-ದೆಹಲಿಗೆ ಒಂದು, ದೆಹಲಿಯಿಂದ ಮುಂದಕ್ಕೆ ಮತ್ತೊಂದು ಹೀಗೆ ಎರಡು ಬೇರೆ ಟಿಕೆಟ್ ಕೊಂಡಿದ್ದೆವು. ಮೊದಲ ವಿಮಾನ ಮೂರು ಗಂಟೆ ತಡವಾಯಿತು, ಎರಡನೆಯದು ನಮ್ಮನ್ನು ಬಿಟ್ಟು ಹೋಯಿತು. ಎರಡು ಟಿಕೆಟ್ಟುಗಳಿಗೆ ಸಂಬಂಧವೇ ಇಲ್ಲವಾದ್ದರಿಂದ ಮುಂದಿನ ಸಂಸ್ಥೆಗೆ ನಾವು ಬಾರದ ಪ್ರಯಾಣಿಕರು. ಹೋಗುವ ಹಾರಾಟಕ್ಕೆ ಹಾಜರಾಗದಿದ್ದರೆ ಅದೇ ಟಿಕೆಟ್ಟಿನ ಹಿಂದಿರುಗುವ ಹಾರಾಟವೂ ಸಾಮಾನ್ಯವಾಗಿ ರದ್ದಾಗುತ್ತದೆ ಎಂಬುದು ಆ ರಾತ್ರಿ ಕೌಂಟರಿನ ಮುಂದೆ ನಿಂತಾಗಲೇ ನಮಗೆ ತಿಳಿದದ್ದು. ಹೊಸ ಟಿಕೆಟ್ಟಿಗೆ ಕೊಟ್ಟ ಹಣದಲ್ಲಿ ಇನ್ನೊಂದು ಪ್ರವಾಸವೇ ಆಗುತ್ತಿತ್ತು. ಒಂದೇ ಟಿಕೆಟ್ಟಾಗಿದ್ದರೆ ಕೊಂಡಿ ತಪ್ಪಿದಾಗ ಮುಂದಿನ ವಿಮಾನದಲ್ಲಿ ಕಳುಹಿಸುವ ಹೊಣೆ ವಿಮಾನ ಸಂಸ್ಥೆಯ ಮೇಲಿರುತ್ತದೆ. ಸಿಂಗಪುರದಲ್ಲಿಯೂ ಇದೇ ನಿಯಮ ಉಪಕಾರಕ್ಕೆ ಬರುತ್ತದೆ: ಸಾಮಾನು ನೇರವಾಗಿ ಆಕ್ಲೆಂಡಿಗೆ ಹೋಗುವುದರಿಂದ ನಾವು ಟ್ರಾನ್ಸಿಟ್ ಪ್ರದೇಶ ಬಿಟ್ಟು ಹೊರಗೆ ಬರಬೇಕಿಲ್ಲ, ವೀಸಾದ ಅಗತ್ಯವೂ ಬೀಳುವುದಿಲ್ಲ. ಸಿಡ್ನಿ ಅಥವಾ ಮೆಲ್ಬರ್ನ್ ಮೂಲಕ ಹೋಗುವ ಅಗ್ಗದ ಟಿಕೆಟ್ ಕಂಡರೆ ಮಾತ್ರ ಎಚ್ಚರವಿರಲಿ. ನಿಲ್ದಾಣದೊಳಗೇ ಕುಳಿತು ವಿಮಾನ ಬದಲಾಯಿಸಿದರೂ ಭಾರತೀಯ ಪಾಸ್‌ಪೋರ್ಟಿನವರಿಗೆ ಆಸ್ಟ್ರೇಲಿಯಾದ ಟ್ರಾನ್ಸಿಟ್ ವೀಸಾ ಬೇಕು.

ಲೇಓವರ್, ಅಂದರೆ ಎರಡು ವಿಮಾನಗಳ ನಡುವೆ ಕಾಯುವ ಹೊತ್ತು, ಎಷ್ಟಿರಬೇಕು? ವಯಸ್ಸಾದವರಿದ್ದರೆ ಎರಡೂವರೆಯಿಂದ ನಾಲ್ಕು ಗಂಟೆ ಸರಿ. ಒಂದು ಗಂಟೆ ಹತ್ತು ನಿಮಿಷದ ಜೋಡಣೆಯನ್ನೂ ಜಾಲತಾಣಗಳು ಮಾರುತ್ತವೆ, ಅದು ನಿಯಮಬದ್ಧವೇ ಇರಬಹುದು. ಆದರೆ ಓಡಲಾರದವರಿಗೆ ಅದು ಹೇಳಿದ್ದಲ್ಲ. ಎಂಟು ಗಂಟೆ ಮೀರಿದರೆ ಗಂಟೆಗಳ ಲೆಕ್ಕದಲ್ಲಿ ಸಿಗುವ ಟ್ರಾನ್ಸಿಟ್ ಹೋಟೆಲಿನ ಖರ್ಚನ್ನೂ ಟಿಕೆಟ್ಟಿನ ದರಕ್ಕೆ ಕೂಡಿಸಿಯೇ ಹೋಲಿಸಬೇಕು.

ಹತ್ತು ಗಂಟೆಯ ಹಾರಾಟಕ್ಕೆ ಯಾವ ವಿಮಾನ ಎಂಬುದೂ ಮುಖ್ಯ. ಬೋಯಿಂಗ್ 787 ಮತ್ತು ಏರ್‌ಬಸ್ ಎ350 ವಿಮಾನಗಳ ಒಳಗಿನ ಗಾಳಿಯ ಒತ್ತಡವನ್ನು ಸುಮಾರು 6,000 ಅಡಿ ಎತ್ತರದಲ್ಲಿರುವಷ್ಟಕ್ಕೆ ಕಾಪಾಡುತ್ತಾರೆ. ಹಳೆಯ ವಿಮಾನಗಳಲ್ಲಿ ಅದು 8,000 ಅಡಿಯವರೆಗೆ ಹೋಗುತ್ತದೆ. ಈ ವ್ಯತ್ಯಾಸದಿಂದ ಆಯಾಸ, ತಲೆನೋವು ಕಡಿಮೆ ಎನ್ನುತ್ತಾರೆ, ನಮಗೂ ಹಾಗೆಯೇ ಅನಿಸಿತು. ಇವೆರಡರಲ್ಲೂ ಎಕಾನಮಿಯಲ್ಲಿ ಸಾಮಾನ್ಯವಾಗಿ ಮೂರು-ಮೂರು-ಮೂರರ ಸಾಲು, ಆದ್ದರಿಂದ ಮೂವರ ಕುಟುಂಬಕ್ಕೆ ಅಪರಿಚಿತರನ್ನು ಎಬ್ಬಿಸುವ ಸಂಕೋಚವಿಲ್ಲ. ಅತ್ತೆಯವರಿಗೆ ಓಡಾಡುವ ದಾರಿಯ ಪಕ್ಕದ ಸೀಟನ್ನು ಹಣ ಕೊಟ್ಟು ಮುಂಚೆಯೇ ಕಾಯ್ದಿರಿಸಿದೆವು. ಅದು ವ್ಯರ್ಥವಾಗಲಿಲ್ಲ. ಎರಡು ಗಂಟೆಗೊಮ್ಮೆ ನಾನು ಅವರನ್ನು ಎಬ್ಬಿಸಿ ಹಿಂದಿನ ಅಡುಗೆ ಕಟ್ಟೆಯವರೆಗೆ ನಡೆಸಿಕೊಂಡು ಬರುತ್ತಿದ್ದೆ. ಹಾಗಿದ್ದೂ ಇಳಿಯುವ ಹೊತ್ತಿಗೆ ಪಾದ ಊದಿ ಚಪ್ಪಲಿಯ ಪಟ್ಟಿಯ ಗುರುತು ಅಚ್ಚೊತ್ತಿದಂತೆ ಮೂಡಿತ್ತು. ಒಂದು ಅಳತೆ ಸಡಿಲವಾದ ಚಪ್ಪಲಿ ಹಾಕಿಸಿ, ಊತ ತಡೆಯುವ ಬಿಗಿಯಾದ ಉದ್ದದ ಕಾಲುಚೀಲದ ಬಗ್ಗೆ ವೈದ್ಯರನ್ನು ಮೊದಲೇ ಕೇಳಿಕೊಳ್ಳಿ.

ಗಾಲಿಕುರ್ಚಿಯ ನೆರವನ್ನು ಹೊರಡುವ 48 ಗಂಟೆಗಳ ಮುಂಚೆಯೇ ತಿಳಿಸಿದರೆ ಅದು ಉಚಿತ. ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಆರಿಸಬೇಕಾದ ಸಂಕೇತ ಎವಿಎಂಎಲ್, ಅಂದರೆ ನಮ್ಮ ಕಡೆಯ ಮಸಾಲೆಯ ಶಾಕಾಹಾರ. ‘ಹಿಂದೂ ಊಟ’ ಎಂಬ ಹೆಸರು ನೋಡಿ ಎಚ್‌ಎನ್‌ಎಂಎಲ್ ಗುರುತು ಹಾಕಿದರೆ ಅದರಲ್ಲಿ ಮಾಂಸವಿರುತ್ತದೆ. ನಮ್ಮ ಪರಿಚಯದ ಹಿರಿಯರೊಬ್ಬರು ಈ ತಪ್ಪಿನಿಂದ ಹತ್ತು ಗಂಟೆ ಬರೀ ಬನ್ನು, ಹಣ್ಣಿನಲ್ಲಿ ಕಳೆದರು.

ನ್ಯೂಜಿಲೆಂಡ್ ಉದ್ದನೆಯ ದೇಶ. ಆಕ್ಲೆಂಡಿನಲ್ಲಿ ಇಳಿದು ಆಕ್ಲೆಂಡಿನಿಂದಲೇ ಮರಳುವ ಟಿಕೆಟ್ ಕೊಂಡರೆ ದಕ್ಷಿಣ ದ್ವೀಪ ನೋಡಿದ ಮೇಲೆ ಬಂದ ದಾರಿಯಲ್ಲೇ ಹಿಂದಿರುಗಬೇಕು. ‘ಮಲ್ಟಿ ಸಿಟಿ’ ಎಂಬ ಆಯ್ಕೆಯಲ್ಲಿ ಹುಡುಕಿ, ಹೋಗುವಾಗ ಆಕ್ಲೆಂಡ್, ಬರುವಾಗ ದಕ್ಷಿಣ ದ್ವೀಪದ ಕ್ರೈಸ್ಟ್‌ಚರ್ಚ್ ಎಂದು ಕೊಟ್ಟೆವು. ದರದಲ್ಲಿ ಹೆಚ್ಚೇನೂ ವ್ಯತ್ಯಾಸ ಬರಲಿಲ್ಲ. ಉತ್ತರ ದ್ವೀಪದ ವೆಲಿಂಗ್ಟನ್ನಿನಿಂದ ದಕ್ಷಿಣ ದ್ವೀಪದ ಪಿಕ್ಟನ್ನಿಗೆ ಮೂರೂವರೆ ಗಂಟೆಯ ಹಡಗಿನಲ್ಲಿ ದಾಟಿ ಮುಂದೆ ಮುಂದೆಯೇ ಸಾಗಿದೆವು.

ಇನ್ನು ಹೆಸರಿನ ವಿಷಯ. ಕನ್ನಡದ ಹಿರಿಯರ ಪಾಸ್‌ಪೋರ್ಟಿನಲ್ಲಿ ಎಷ್ಟೋ ಸಲ ಅಡ್ಡಹೆಸರಿನ ಜಾಗ ಖಾಲಿಯಿರುತ್ತದೆ, ಆದರೆ ಟಿಕೆಟ್ಟಿನ ಜಾಲತಾಣ ಅದನ್ನು ಖಾಲಿ ಬಿಡಲು ಒಪ್ಪುವುದಿಲ್ಲ. ನಮ್ಮ ಅತ್ತೆಯವರದೂ ಹೀಗೆಯೇ ಇತ್ತು. ಊಹೆಯಿಂದ ಊರಿನ ಹೆಸರನ್ನೋ ಮಗನ ಅಡ್ಡಹೆಸರನ್ನೋ ತುಂಬಬೇಡಿ. ಒಂದೊಂದು ಸಂಸ್ಥೆಯದು ಒಂದೊಂದು ಪದ್ಧತಿ, ಹಣ ಕಟ್ಟುವ ಮೊದಲೇ ಫೋನ್ ಮಾಡಿ ಕೇಳಿ. ದಿನಾಂಕವನ್ನೂ ಎರಡು ಸಲ ನೋಡಿ: 15ನೇ ತಾರೀಖು 00:20ಕ್ಕೆ ಹೊರಡುವ ವಿಮಾನಕ್ಕೆ ನಿಲ್ದಾಣ ಸೇರಬೇಕಾದದ್ದು 14ರ ರಾತ್ರಿ. ನವಿ ಮುಂಬೈಯಲ್ಲೂ ಈಗ ವಿಮಾನ ನಿಲ್ದಾಣವಾಗಿರುವುದರಿಂದ ಟಿಕೆಟ್ಟಿನಲ್ಲಿ ನಿಲ್ದಾಣದ ಸಂಕೇತ ಬಿಒಎಂ (ಮುಂಬೈ) ಇದೆಯೋ ಎನ್‌ಎಂಐ (ನವಿ ಮುಂಬೈ) ಇದೆಯೋ ಎಂಬುದನ್ನೂ ಗಮನಿಸಬೇಕು.

ದರ ಹೋಲಿಸಲು ಯಾವ ತಾಣವಾದರೂ ಸರಿ, ಕೊಳ್ಳುವುದು ಮಾತ್ರ ವಿಮಾನ ಸಂಸ್ಥೆಯಿಂದಲೇ ಆಗಲಿ. ಸಮಯ ಬದಲಾದಾಗ ಮಧ್ಯವರ್ತಿಯನ್ನೂ ಸಂಸ್ಥೆಯನ್ನೂ ಸುತ್ತುವ ಕಷ್ಟ ತಪ್ಪುತ್ತದೆ.

ಕೊನೆಯದಾಗಿ ಘಾಟಿಯ ರಸ್ತೆ. ಮುಂಬೈ 150 ಕಿಲೋಮೀಟರ್ ಅಷ್ಟೇ ಎಂದು ನಂಬಿ ಖಂಡಾಳಾ ಘಾಟಿಯ ಸಾಲಿನಲ್ಲಿ ಸಿಕ್ಕಿಕೊಂಡವರನ್ನು ನಾನು ಕಂಡಿದ್ದೇನೆ. ನಾವು ಹಿಂದಿನ ಸಂಜೆಯೇ ಮುಂಬೈಯ ಮುಲುಂಡಿನಲ್ಲಿರುವ ನಾದಿನಿಯ ಮನೆಗೆ ಹೋಗಿ, ಅಲ್ಲಿ ಮಲಗಿ, ಬೆಳಿಗ್ಗೆ ಸಹಾರ್‌ನ ಟಿ2 (ಎರಡನೇ ಟರ್ಮಿನಲ್) ಸೇರಿದೆವು. ಬರುವಾಗ ರಾತ್ರಿ ಹತ್ತಕ್ಕೆ ಇಳಿದೆವು. ಅತ್ತೆಯವರು ಈಗಲೇ ಮನೆಗೆ ಹೋಗೋಣ ಎಂದರೂ ಒಪ್ಪದೆ ಮತ್ತೆ ಮುಲುಂಡಿನಲ್ಲೇ ಉಳಿದು, ಬೆಳಿಗ್ಗೆ ಆರಕ್ಕೆ ಟ್ಯಾಕ್ಸಿ ಹಿಡಿದೆವು. ಒಂಬತ್ತೂವರೆಗೆ ಕೋಥರೂಡಿನ ಮನೆಯಲ್ಲಿ ಹಾಲು ಕಾಯುತ್ತಿತ್ತು.