ಜಾತಿ ದೊಡ್ಡದಾ, ಹೆಣ್ಣು-ಗಂಡು ಭೇದ ದೊಡ್ಡದಾ?

ಮೈಸೂರಿನಲ್ಲಿ ಪಿಯು ಮಕ್ಕಳಿಗೆ ಸಮಾಜಶಾಸ್ತ್ರ ಹೇಳಿಕೊಡುತ್ತೇನೆ. ಮಕ್ಕಳು ಕೇಳುತ್ತಾರೆ, ನೆಂಟರು ಕೇಳುತ್ತಾರೆ, ಮದುವೆಮನೆಯಲ್ಲಿ ಪಕ್ಕದ ಎಲೆಗೆ ಕೂತವರೂ ಕೇಳುತ್ತಾರೆ. "ಮೇಡಂ, ಒಂದೇ ಮಾತಲ್ಲಿ ಹೇಳಿ. ಜಾತಿ ತಾರತಮ್ಯ ದೊಡ್ಡದಾ, ಹೆಣ್ಣು ಅನ್ನೋ ತಾರತಮ್ಯ ದೊಡ್ಡದಾ?" ಒಂದೇ ಮಾತಲ್ಲಿ ಮುಗಿಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯದ್ದೇ ಹೇಳುತ್ತೇನೆ. ಮಂಡ್ಯದ ಹತ್ತಿರದ ಹಳ್ಳಿ, ನಾಲೆ ನೀರಿನ ಗದ್ದೆ, ಕಬ್ಬು. ಒಕ್ಕಲಿಗರ ಮನೆ. ಅಪ್ಪ, ಚಿಕ್ಕಪ್ಪಂದಿರು, ಅಣ್ಣ ಎಲ್ಲರೂ ಉಂಡು ಎದ್ದ ಮೇಲೇ ಅಮ್ಮನಿಗೆ ಊಟ. ಎಷ್ಟೋ ದಿನ ಮುದ್ದೆ ಇರುತ್ತಿತ್ತು, ಸಾರು ಮಾತ್ರ ತಳ ಕಂಡಿರುತ್ತಿತ್ತು. ಅವಳ ಹೆಸರಲ್ಲಿ ಒಂದು ಗುಂಟೆ ಜಮೀನೂ ಇಲ್ಲ. ಅದೇ ಅಮ್ಮ, ಕಬ್ಬು ಕಡಿಯಲು ಬರುತ್ತಿದ್ದ ದಲಿತ ಹೆಂಗಸಿಗೆ ಕಾಫಿ ಕೊಡುವಾಗ, ಹಿತ್ತಲ ಸೂರಿಗೆ ಸಿಕ್ಕಿಸಿದ್ದ ಲೋಟ ತೆಗೆದುಕೋ ಅಂತ ಹೇಳಿ ಮೇಲಿನಿಂದ ಸುರಿಯುತ್ತಿದ್ದಳು. ಕುಡಿದಾದ ಮೇಲೆ ಆಕೆಯೇ ತೊಳೆದು ಮತ್ತೆ ಅಲ್ಲೇ ಸಿಕ್ಕಿಸಬೇಕು. ಅದರ ಕಂಠ ಒಂದು ಕಡೆ ನೆಗ್ಗಿತ್ತು. ಕಾಫಿ ಸುರಿಯುವಾಗ ಆಕೆ ನೆಗ್ಗಿದ ಕಡೆಯನ್ನು ತನ್ನತ್ತ ತಿರುಗಿಸಿಕೊಳ್ಳುತ್ತಿದ್ದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಕೆಯ ಕೂಲಿ ಜೊತೆಯಲ್ಲೇ ಕಡಿಯುತ್ತಿದ್ದ ಗಂಡನ ಕೂಲಿಗಿಂತ ಕಡಿಮೆ. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂದಿತ್ತು. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ಅದಕ್ಕೂ ಮೊದಲೇ ರದ್ದು ಮಾಡಿತ್ತು. ನಮ್ಮ ಹಿತ್ತಲಿಗೆ ಎರಡೂ ಬಂದಿರಲಿಲ್ಲ.

ಯಾವುದು ದೊಡ್ಡದು ಅಂತ ಆಕೆಯನ್ನು ಕೇಳಿದರೆ ಏನು ಹೇಳಬೇಕು? ಲೋಟವೂ ಅವಳದ್ದೇ, ಕಡಿಮೆ ಕೂಲಿಯೂ ಅವಳದ್ದೇ.

ಇದು ಹಳೇ ಕಾಲದ ಹಳ್ಳಿ ಕತೆ ಅಂದುಕೊಳ್ಳಬೇಡಿ. ಎರಡು ವರ್ಷದ ಹಿಂದೆ ಗೆಳತಿಯೊಬ್ಬಳಿಗೆ ಬಾಡಿಗೆ ಮನೆ ಹುಡುಕಿಕೊಂಡು ಸರಸ್ವತಿಪುರಂ, ಕುವೆಂಪುನಗರ ಎಲ್ಲ ಸುತ್ತಿದೆವು. ಅವಳು ನರ್ಸ್, ದಲಿತಳು, ಮದುವೆ ಆಗಿಲ್ಲ. ಒಂದು ಕಡೆ ಮನೆ ತೋರಿಸಿ, ನೀರು-ಕರೆಂಟು ಎಲ್ಲ ಮಾತಾಡಿ, ಆಮೇಲೆ "ಯಾವ ಜನ ನೀವು?" ಅಂತ ಕೇಳಿದರು. ಹೇಳಿದಳು. ಮನೆ ಇಲ್ಲ ಅಂತಾಯಿತು. ನಾನು ಜಗಳಕ್ಕೆ ನಿಂತೆ. ಅವರು ಸಮಾಧಾನವಾಗಿಯೇ ಹೇಳಿದರು: ಒಂಟಿ ಹುಡುಗಿಗೆ ಕೊಡಲ್ಲ ಅಂತ ಏನಿಲ್ಲ, ಹೋದ ವರ್ಷ ನಮ್ಮವರ ಹುಡುಗಿ ಒಬ್ಬಳೇ ಇದ್ದಳು. ಜಾತಿ ಅಂತಲೂ ಇಲ್ಲ, ಮೇಲಿನ ಮನೆಯಲ್ಲಿ ಈಕೆಯ ಜನರದ್ದೇ ಸಂಸಾರ ಇದೆ. ಎರಡೂ ನಿಜವಾಗಿದ್ದಿರಬಹುದು. ಆದರೂ ಅವಳಿಗೆ ಮನೆ ಸಿಗಲಿಲ್ಲ, ಅಲ್ವಾ?

ಇದೇ ಲೆಕ್ಕ ಅಮೆರಿಕದ ಕೋರ್ಟೊಂದರಲ್ಲಿ ನಡೆದಿದೆ. ಜನರಲ್ ಮೋಟರ್ಸ್ ಕಂಪನಿಯಲ್ಲಿ ಕಪ್ಪು ಹೆಂಗಸರಿಗೆ ಕೆಲಸ ಸಿಗಲು ಶುರುವಾಗಿದ್ದೇ ತಡವಾಗಿ. ಹಾಗಾಗಿ, ಕೊನೆಗೆ ಸೇರಿದವರನ್ನು ಮೊದಲು ತೆಗೆಯುವ ನಿಯಮ ಬಂದಾಗ ಅವರೇ ಹೊರಗೆ ಬಿದ್ದರು. ಐದು ಜನ ಕೇಸು ಹಾಕಿದರು. 1976ರಲ್ಲಿ ಕೋರ್ಟು ಹೇಳಿದ್ದು ಇಷ್ಟು: ಕಂಪನಿ ಹೆಂಗಸರನ್ನು ಹಿಂದಿನಿಂದಲೂ ತೆಗೆದುಕೊಂಡಿದೆ, ಹಾಗಾಗಿ ಹೆಣ್ಣೆಂಬ ಭೇದ ಇಲ್ಲ. ಬಣ್ಣದ ದೂರಿದ್ದರೆ ಅದನ್ನು ಬೇರೊಂದು ಕೇಸಿನ ಜೊತೆ ಸೇರಿಸಿಕೊಳ್ಳಿ. ಎರಡನ್ನೂ ಬೆರೆಸಿ ಕೇಳುವ ಹಾಗಿಲ್ಲ. ಆದರೆ ಆಫೀಸಿನಲ್ಲಿದ್ದ ಹೆಂಗಸರು ಬಿಳಿಯರು, ಕಾರ್ಖಾನೆಯಲ್ಲಿದ್ದ ಕಪ್ಪು ಜನ ಗಂಡಸರು! ಕಿಂಬರ್ಲೆ ಕ್ರೆನ್ಶಾ ಎಂಬ ಕಾನೂನು ಪ್ರಾಧ್ಯಾಪಕಿ 1989ರಲ್ಲಿ ಈ ಕೇಸನ್ನೇ ಎತ್ತಿಕೊಂಡು ಹೀಗೆ ಎರಡು ಭೇದಗಳು ಒಬ್ಬರ ಮೇಲೇ ರಸ್ತೆಗಳ ಹಾಗೆ ಬಂದು ಕೂಡುವುದಕ್ಕೆ ಇಂಟರ್‌ಸೆಕ್ಷನಾಲಿಟಿ ಅಂತ ಹೆಸರು ಕೊಟ್ಟರು. ನಾನು ಕ್ಲಾಸಿನಲ್ಲಿ ಅದಕ್ಕೆ ನಮ್ಮ ಮೈಸೂರಿನ ಕೆ.ಆರ್. ಸರ್ಕಲ್ ಅನ್ನುತ್ತೇನೆ. ಅಲ್ಲಿ ನಡುವೆ ನಿಂತವಳಿಗೆ ಗಾಡಿ ಯಾವ ರಸ್ತೆಯಿಂದ ಬೇಕಾದರೂ ಬರಬಹುದು, ಎರಡು ಕಡೆಯಿಂದ ಒಟ್ಟಿಗೇ ಬರಬಹುದು.

ಹಾಗಂತ ಹೋಲಿಕೆಯೇ ಬೇಡ ಅನ್ನುತ್ತಿಲ್ಲ. ಹೋಲಿಸಿದರೇ ಎಷ್ಟೋ ತಿಳಿಯುವುದು. ಅಂಬೇಡ್ಕರ್ 1946ರಲ್ಲಿ ಅಮೆರಿಕದ ಕಪ್ಪು ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದು, ಅಲ್ಲಿನ ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಪ್ರತಿ ಕೇಳಿದ್ದರು. ಇಲ್ಲಿಯ ಅಸ್ಪೃಶ್ಯರ ಸ್ಥಿತಿಗೂ ಅಲ್ಲಿಯವರ ಸ್ಥಿತಿಗೂ ಇರುವ ಹೋಲಿಕೆ ಅವರಿಗೆ ಕೆಲಸಕ್ಕೆ ಬೇಕಿತ್ತು. ವ್ಯತ್ಯಾಸವೂ ಇದೆ. ಬಣ್ಣ ಕಣ್ಣಿಗೆ ಕಾಣುತ್ತದೆ, ಜಾತಿಯನ್ನು ಕೇಳಿಯೇ ತಿಳಿದುಕೊಳ್ಳಬೇಕು. ಅದಕ್ಕೇ ಊರು ಯಾವುದು, ಯಾವ ಬೀದಿ, ಅಪ್ಪನ ಹೆಸರೇನು ಅನ್ನುವುದು. ಇನ್ನು ಜಾತಿ ಜನರನ್ನು ದೂರ ಇಡುತ್ತದೆ. ಹೆಣ್ಣೆಂಬ ಭೇದ ಮನೆಯೊಳಗೇ, ಪ್ರೀತಿ ಮಾಡುತ್ತಲೇ ನಡೆಯುತ್ತದೆ. 2023ರ ಕೊನೆಯಲ್ಲಿ ನಮ್ಮ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಷೀನ್ ಇಟ್ಟು, ಹೊಟ್ಟೆಯಲ್ಲಿರುವುದು ಹೆಣ್ಣೋ ಗಂಡೋ ನೋಡುತ್ತಿದ್ದದ್ದು ಬಯಲಾಯಿತು. ಬೆಲ್ಲ ಮಾಡುವ ಜಾಗ ಅದು. ಅಲ್ಲಿಗೆ ಬಸುರಿಯರನ್ನು ಕರೆದುಕೊಂಡು ಹೋದವರು ಅವರ ಮನೆಯವರೇ ಅಲ್ವಾ?

ಪಾಲು ಕೊಡುವಾಗ ಅಳತೆಯೂ ಬೇಕು. ಸರ್ಕಾರಿ ಕೆಲಸವೆಲ್ಲ ಬ್ರಾಹ್ಮಣರ ಕೈಯಲ್ಲೇ ಇದೆ ಅನ್ನುವ ದೂರು ಬಂದಾಗ, ನಾಲ್ವಡಿ ಕೃಷ್ಣರಾಜ ಒಡೆಯರು ಬೇರೆ ಜಾತಿಗಳಿಗೂ ಪಾಲು ಸಿಗುವ ದಾರಿ ಹುಡುಕಲು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಅದರ ಫಲ ಉಂಡವರಲ್ಲಿ ನಮ್ಮವರೂ ಇದ್ದಾರೆ. ಅದನ್ನು ಮರೆತು ಈಗ ಬೇರೆಯವರ ಪಾಲಿಗೆ ಮೂಗು ಮುರಿಯುವುದು ನನಗೆ ಸಹಿಸಲಾಗುವುದಿಲ್ಲ.

ನನಗೆ ಸಿಟ್ಟು ಬರುವುದು ಇನ್ನೊಂದು ಥರದ ಹೋಲಿಕೆಗೆ. ಸಂಬಂಧಿಯೊಬ್ಬರಿದ್ದಾರೆ. ಹೆಣ್ಣುಮಕ್ಕಳಿಗೆ ಆಸ್ತಿ ಕೊಡಿ ಅಂದರೆ "ನಿಮಗೇನು ಕಮ್ಮಿಯಾಗಿದೆ, ಕೇರಿಯವರ ಕಷ್ಟ ನೋಡು" ಅನ್ನುತ್ತಾರೆ. ಕೇರಿಯವರನ್ನು ದೇವಸ್ಥಾನದೊಳಗೆ ಬಿಡಿ ಅಂದರೆ "ಕಷ್ಟ ಅವರಿಗೊಬ್ಬರಿಗೇನಾ, ನಮ್ಮ ಹೆಂಗಸರಿಗಿಲ್ವಾ?" ಅನ್ನುತ್ತಾರೆ. ಎರಡೂ ಮಾತು ಒಂದೇ ಬಾಯಿಂದ. ಆಸ್ತಿಯೂ ಹಾಗೇ ಉಳಿಯಿತು, ಬಾಗಿಲೂ ತೆರೆಯಲಿಲ್ಲ. ಹಾಗಾಗಿ ಯಾವುದು ದೊಡ್ಡದು ಅಂತ ಯಾರಾದರೂ ಕೇಳಿದರೆ, ಉತ್ತರ ಸಿಕ್ಕ ಮೇಲೆ ಏನು ಮಾಡುತ್ತೀರಿ ಅಂತ ನಾನು ತಿರುಗಿ ಕೇಳುತ್ತೇನೆ.

ಹೋದ ತಿಂಗಳು ಊರಿಗೆ ಹೋದಾಗ ಅಮ್ಮನನ್ನು ಆ ಲೋಟದ ಬಗ್ಗೆ ಕೇಳಿದೆ. ಅವರೆಕಾಯಿ ಸುಲಿಯುತ್ತಿದ್ದಳು. ಸ್ವಲ್ಪ ಹೊತ್ತು ಮಾತಾಡಲಿಲ್ಲ. "ನಮ್ಮತ್ತೆ ಇಟ್ಟಿದ್ದು ಅದು," ಅಂದಳು. "ನಂಗೆ ಆ ಮನೇಲಿ ಒಂದು ಪಾತ್ರೆ ಜಾಗ ಬದಲಾಯಿಸೋ ಹಕ್ಕೂ ಇರಲಿಲ್ಲ. ಆದ್ರೆ ಅತ್ತೆ ಸತ್ತ ಮೇಲೂ ಹನ್ನೆರಡು ವರ್ಷ ಅಲ್ಲೇ ಇತ್ತು. ಆವಾಗ ನಾನೇ ತೆಗೀಬೋದಿತ್ತು."