ಮಂದ್ರದಲ್ಲಿ ಕೇಳಿದ್ದು

ಇಂಗ್ಲಿಷ್ ಎಂ.ಎ. ಓದುತ್ತಿದ್ದಾಗ ರಾಲ್ಫ್ ಎಲಿಸನ್ನರ ‘ಇನ್ವಿಸಿಬಲ್ ಮ್ಯಾನ್’ ಕಾದಂಬರಿ ನಮಗೆ ಪಠ್ಯವಾಗಿತ್ತು. ಮುಂದೆ ನಾನೇ ಅದನ್ನು ಹತ್ತೊಂಬತ್ತು ವರ್ಷ ಪಾಠ ಮಾಡಿದೆ. 1952ರಲ್ಲಿ ಪ್ರಕಟವಾಗಿ, ಮರುವರ್ಷ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆದ ಆ ಕೃತಿಯ ಪೀಠಿಕೆಯಲ್ಲಿ, ಹೆಸರಿಲ್ಲದ ಕಪ್ಪು ಜನಾಂಗದ ನಿರೂಪಕನೊಬ್ಬ ನ್ಯೂಯಾರ್ಕಿನ ನೆಲಮಾಳಿಗೆಯಲ್ಲಿ 1,369 ಬಲ್ಬುಗಳನ್ನು ಉರಿಸಿಕೊಂಡು ಕುಳಿತು, ಜಾಝ್ ಗಾಯಕ ಹಾಗೂ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗರ ಒಂದು ಹಾಡನ್ನು ಕೇಳುತ್ತಾನೆ. ತನ್ನ ಬಳಿ ಇರುವುದು ಒಂದೇ ಗ್ರಾಮಫೋನು, ಐದು ಬೇಕು, ಐದರಲ್ಲೂ ಅದೇ ಹಾಡು ಒಟ್ಟಿಗೆ ಮೊಳಗಬೇಕು ಎನ್ನುವುದು ಅವನ ಆಸೆ. ಬಲ್ಬುಗಳ ಸಾಂಕೇತಿಕತೆಯ ಬಗ್ಗೆ ನಾನು ಎರಡು ತರಗತಿಗಳಷ್ಟು ಮಾತನಾಡಬಲ್ಲವನಾಗಿದ್ದೆ. ಹಾಡಿನ ಬಗ್ಗೆ ಒಂದು ವಾಕ್ಯ ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಏಕೆಂದರೆ ಅದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಮೊದಮೊದಲು ನಮ್ಮ ಊರಿನಲ್ಲಿ ಅಂಥದ್ದನ್ನು ಕೇಳುವುದಕ್ಕೆ ದಾರಿಯಿರಲಿಲ್ಲ ಎನ್ನುವುದು ನಿಜ. ಅಂತರ್ಜಾಲ ಬಂದ ಮೇಲೂ ಏಕೆ ಕೇಳಲಿಲ್ಲ ಎಂದರೆ ನನ್ನಲ್ಲಿ ಉತ್ತರವಿಲ್ಲ.

ನಿವೃತ್ತನಾದ ಮೇಲೆ ಮಗಳ ಮನೆಗೆಂದು ನ್ಯೂಯಾರ್ಕಿಗೆ ಹೋದಾಗ, ಒಂದು ಶನಿವಾರ ಅವಳು ನನ್ನನ್ನು ಫ್ಲಶಿಂಗ್‌ನ ಗಣೇಶ ದೇವಸ್ಥಾನಕ್ಕೆ ಕರೆದುಕೊಂಡು ಹೋದಳು. ದರ್ಶನ ಮುಗಿಸಿ, ದೇವಸ್ಥಾನದ ನೆಲಮಾಳಿಗೆಯಲ್ಲಿರುವ ಕ್ಯಾಂಟೀನಿನಲ್ಲಿ ದೋಸೆ ತಿನ್ನುತ್ತಿದ್ದಾಗ ಅವಳು ಇದ್ದಕ್ಕಿದ್ದಂತೆ, “ಅಪ್ಪಾ, ನೀವು ಪಾಠ ಮಾಡ್ತಿದ್ರಲ್ಲ, ಆ ಹಾಡು ಹೇಳಿದೋರ ಮನೆ ಇಲ್ಲೇ ಹತ್ತಿರ ಇದೆ. ನೋಡಿಕೊಂಡು ಹೋಗೋಣವಾ?” ಎಂದಳು. ಆರ್ಮ್‌ಸ್ಟ್ರಾಂಗರ ಮನೆ ಎಂದರೆ ಅವರು ಹುಟ್ಟಿದ ನ್ಯೂ ಆರ್ಲಿಯನ್ಸಿನಲ್ಲಿ ಇರಬೇಕು ಎಂದುಕೊಂಡಿದ್ದ ನಾನು, ನನ್ನ ಅಜ್ಞಾನವನ್ನು ಸಾಂಬಾರಿನ ಜೊತೆಗೆ ನುಂಗಿಕೊಂಡು ಹೊರಟೆ. ಏಳನೆಯ ನಂಬರಿನ ರೈಲಿನಲ್ಲಿ ಮೂರನೆಯ ನಿಲ್ದಾಣಕ್ಕೆ ಇಳಿದು, ಸ್ಪ್ಯಾನಿಷ್ ಫಲಕಗಳ ಅಂಗಡಿ ಸಾಲನ್ನು ದಾಟಿ ಒಳಬೀದಿಗೆ ತಿರುಗಿದರೆ, ಅಕ್ಕಪಕ್ಕದ ಮನೆಗಳಿಗಿಂತ ಅಂಥ ದೊಡ್ಡದೇನೂ ಅಲ್ಲದ ಒಂದು ಇಟ್ಟಿಗೆ ಮನೆ.

ಜಗತ್ತಿನಾದ್ಯಂತ ಹೆಸರಾಗಿದ್ದ ಕಲಾವಿದ 1943ರಿಂದ 1971ರಲ್ಲಿ ತೀರಿಕೊಳ್ಳುವವರೆಗೂ, ಕೊರೋನಾ ಎಂಬ ಈ ದುಡಿಯುವ ಜನರ ಬಡಾವಣೆಯಲ್ಲೇ ಇದ್ದರು. ಮನೆಯನ್ನು ಕೊಂಡವರು ಹೆಂಡತಿ ಲೂಸಿಲ್. ಊರೂರು ತಿರುಗಿ ಕಾರ್ಯಕ್ರಮ ಕೊಡುತ್ತಿದ್ದ ಆರ್ಮ್‌ಸ್ಟ್ರಾಂಗ್ ಮೊದಲ ಸಲ ಟ್ಯಾಕ್ಸಿಯಲ್ಲಿ ಬಂದಿಳಿದಾಗ ಇದು ತನ್ನದೇ ಮನೆ ಎಂದು ನಂಬಲಾರದೆ ಚಾಲಕನಿಗೆ ಸ್ವಲ್ಪ ಕಾಯಲು ಹೇಳಿದ್ದರು ಎಂಬ ಕಥೆಯಿದೆ. ಅಡುಗೆಮನೆಯ ಕಪಾಟುಗಳೆಲ್ಲ ಕಣ್ಣು ಕುಕ್ಕುವ ನೀಲಿ. ಮಿಕ್ಸರನ್ನು ಕಟ್ಟೆಯೊಳಗೇ ಕೂರಿಸಿದ್ದಾರೆ. ಬಚ್ಚಲುಮನೆಯ ತುಂಬ ಕನ್ನಡಿ, ನಲ್ಲಿಗಳಿಗೆ ಚಿನ್ನದ ಲೇಪ. ಬಡತನದಿಂದ ಮೇಲೆ ಬಂದವರ ಶೋಕಿ ಎಂದು ಇದನ್ನು ನಗುವವರು ನಗಬಹುದು. ನನಗೆ ನಗು ಬರಲಿಲ್ಲ.

ಮೇಲಿನ ಮಹಡಿಯ ಅವರ ಖಾಸಗಿ ಕೋಣೆಯಲ್ಲಿ ನಾನು ನಿಂತುಬಿಟ್ಟೆ. ಅಲ್ಲಿ ಸುರುಳಿ ಟೇಪಿನ ರೆಕಾರ್ಡರುಗಳಿವೆ. 1950ರ ದಶಕದಿಂದ ಆರ್ಮ್‌ಸ್ಟ್ರಾಂಗ್ ನೂರಾರು ಟೇಪುಗಳನ್ನು ತುಂಬಿಸಿದರು: ತಮ್ಮ ಹಳೆಯ ರೆಕಾರ್ಡುಗಳು, ಬೇರೆಯವರ ಸಂಗೀತ, ಗೆಳೆಯರೊಂದಿಗಿನ ಹರಟೆ, ಹೆಂಡತಿಯೊಡನೆ ಆಡಿದ ಮಾತು. ಡಬ್ಬಿಗಳ ಮೇಲೆ ಪತ್ರಿಕೆಗಳಿಂದ ಕತ್ತರಿಸಿದ ಚಿತ್ರಗಳನ್ನು, ಫೋಟೋಗಳನ್ನು ಪಾರದರ್ಶಕ ಟೇಪಿನಲ್ಲಿ ತಾವೇ ಅಂಟಿಸುತ್ತಿದ್ದರು. ಮನೆ ತೋರಿಸುತ್ತಿದ್ದ ಹುಡುಗಿ ಗುಂಡಿಯೊಂದನ್ನು ಒತ್ತಿದಳು. ಆ ಗೊಗ್ಗರು ದನಿ ಮಾತನಾಡತೊಡಗಿತು. ಏನು ಹೇಳಿದರೋ ಅರ್ಧ ನನಗೆ ತಿಳಿಯಲಿಲ್ಲ. ಆದರೆ ಕಪಾಟಿನ ಅಂಚಿಗೆ ಆನಿಸಿದ್ದ ನನ್ನ ಅಂಗೈಗೆ ಆ ದನಿಯ ಸಣ್ಣ ನಡುಕ ತಾಗುತ್ತಿತ್ತು.

ಆಗ ನೆನಪಾಯಿತು. ನೆಲಮಾಳಿಗೆಯ ನಿರೂಪಕ ಐದು ಗ್ರಾಮಫೋನು ಬೇಕೆನ್ನುವುದಕ್ಕೆ ಕಾರಣವನ್ನೂ ಕೊಡುತ್ತಾನೆ: ತನ್ನ ಬಿಲದಲ್ಲಿ ನಾದ ಸತ್ತುಹೋಗುತ್ತದೆ, ಸಂಗೀತದ ಕಂಪನ ಕಿವಿಗಷ್ಟೇ ಅಲ್ಲ, ಇಡೀ ಮೈಗೆ ತಾಗಬೇಕು ಎನ್ನುತ್ತಾನೆ. ಅದನ್ನು ನಾನು ಹುಚ್ಚನ ಮಾತು ಎಂದೋ ಕವಿಯ ಮಾತು ಎಂದೋ ವಿವರಿಸಿದ್ದೆ. ಅದು ಕಸುಬುದಾರನ ಮಾತು. ಎಲಿಸನ್ ಬರಹಗಾರರಾಗುವ ಮೊದಲು ಅಲಬಾಮಾದ ಟಸ್ಕೀಗಿಯಲ್ಲಿ ಸಂಗೀತ ಓದಿದವರು, ಟ್ರಂಪೆಟ್ ನುಡಿಸುತ್ತಿದ್ದವರು. ಮಹಡಿಯ ಮೇಲಿನ ಗಾಯಕಿಯ ಅಭ್ಯಾಸದ ಗದ್ದಲವನ್ನು ಎದುರಿಸಲು ತಾನೂ ಧ್ವನಿವರ್ಧಕಗಳನ್ನು ಜೋಡಿಸುತ್ತ ಹೋದದ್ದನ್ನು ಅವರೇ 1955ರಲ್ಲಿ ಒಂದು ಪ್ರಬಂಧದಲ್ಲಿ ತಮಾಷೆಯಾಗಿ ಬರೆದಿದ್ದಾರೆ. ಅಂದರೆ ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಅದೇ ನಗರದ ಎರಡು ಮೂಲೆಗಳಲ್ಲಿ, ಇವರು ಇಲ್ಲಿ ಟೇಪು ಸುತ್ತುತ್ತಿದ್ದರೆ ಅವರು ಅಲ್ಲಿ ವೈರು ಬೆಸೆಯುತ್ತಿದ್ದರು. ಕಾದಂಬರಿಯ ಕೊನೆಯ ಸಾಲಿನಲ್ಲಿ ನಿರೂಪಕ, ತಗ್ಗಿನ ಆವರ್ತನಗಳಲ್ಲಿ ತಾನು ಓದುಗನ ಪರವಾಗಿಯೂ ಮಾತನಾಡುತ್ತಿರಬಹುದೇನೋ ಎನ್ನುತ್ತಾನೆ. ಆವರ್ತನ ಎಂಬ ಪದಕ್ಕೆ ನಾನು ಮಕ್ಕಳಿಗೆ ‘ಮಟ್ಟ’ ಎಂದು ಅರ್ಥ ಹೇಳಿದ್ದೆ. ಚಿಕ್ಕಂದಿನಲ್ಲಿ ನಾಲ್ಕು ವರ್ಷ ಸಂಗೀತ ಕಲಿತವನಿಗೆ ಮಂದ್ರ ಎಂಬ ಮಾತು ಹೊಳೆಯದೇ ಹೋದದ್ದು ಹೇಗೆ?

ಮನೆಯ ಪಕ್ಕದ ತೋಟದಲ್ಲಿ ಕುಳಿತು ಮಗಳ ಫೋನಿನಲ್ಲಿ ಕಡೆಗೂ ಆ ಹಾಡನ್ನು ಕೇಳಿದೆ. ಫ್ಯಾಟ್ಸ್ ವಾಲರ್ ಮತ್ತು ಹ್ಯಾರಿ ಬ್ರೂಕ್ಸ್ ರಾಗ ಹಾಕಿ, ಆಂಡಿ ರಝಾಫ್ ಬರೆದ ‘ಬ್ಲ್ಯಾಕ್ ಅಂಡ್ ಬ್ಲೂ’ 1929ರ ಒಂದು ಸಂಗೀತ ನಾಟಕದ್ದು. ಅಲ್ಲಿ ಅದು, ತೆಳುಬಣ್ಣದ ಹೆಂಗಸರನ್ನೇ ಬಯಸುವ ಗಂಡಸರ ಬಗ್ಗೆ ಕಪ್ಪು ಹೆಣ್ಣೊಬ್ಬಳ ಅಳಲು. ಅದೇ ವರ್ಷ ರೆಕಾರ್ಡು ಮಾಡಿದ ಆರ್ಮ್‌ಸ್ಟ್ರಾಂಗ್ ಆ ಅಳಲನ್ನು ಹೇಳುವ ಪೀಠಿಕಾ ಸಾಲುಗಳನ್ನು ಬಿಟ್ಟುಬಿಟ್ಟರು; ಅಷ್ಟರಿಂದಲೇ ಒಬ್ಬಳ ದೂರು ಒಂದು ಜನಾಂಗದ ಪ್ರಶ್ನೆಯಾಯಿತು. ಮೊದಲು ಟ್ರಂಪೆಟ್, ಆಮೇಲೆ ಹಾಡು, ಸುಮಾರು ಮೂರು ನಿಮಿಷ. ಸೈನ್ಯದ ವಾದ್ಯವನ್ನು ಬಾಗಿಸಿ ಕವಿತೆಯ ಕಿರಣ ಮಾಡುತ್ತಾನೆ ಎಂದು ನಿರೂಪಕ ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ದನಿಯಲ್ಲಿ ಅಳು ಇರುತ್ತದೆ ಎಂದುಕೊಂಡಿದ್ದೆ, ಇರಲಿಲ್ಲ. ಪೆಟ್ಟಿನಿಂದ ಕಂದುಗಟ್ಟಿದ ಜಾಗವನ್ನು ಒತ್ತಿ ನೋಡಿಕೊಳ್ಳುತ್ತ ನಗುವವನ ದನಿ ಅದು.

ಆ ನಗುವಿಗಾಗಿಯೇ ಕಿರಿಯ ಜಾಝ್ ಕಲಾವಿದರು, ಬಿಳಿಯರನ್ನು ಮೆಚ್ಚಿಸುವವರೆಂದು ಆರ್ಮ್‌ಸ್ಟ್ರಾಂಗರನ್ನು ಹಳಿದರು. ಆದರೆ ಎಲಿಸನ್ನರ ಮೊದಲ ಅಧ್ಯಾಯದಲ್ಲಿ, ಸಾಯುತ್ತಿರುವ ತಾತ ಹೇಳಿಹೋಗುವುದೇನು? ಹೌದು ಹೌದು ಎನ್ನುತ್ತ, ಹಲ್ಲು ಕಿರಿಯುತ್ತಲೇ ಬಿಳಿಯರ ಬುಡ ಕೊರೆಯಿರಿ ಎಂದು. 1957ರ ಸೆಪ್ಟೆಂಬರಿನಲ್ಲಿ ಅರ್ಕಾನ್ಸಾ ರಾಜ್ಯದ ಲಿಟಲ್ ರಾಕ್‌ನಲ್ಲಿ ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳನ್ನು ಶಾಲೆಗೆ ಸೇರಿಸಿಕೊಳ್ಳದೆ ತಡೆದಾಗ, ಅಧ್ಯಕ್ಷ ಐಸೆನ್‌ಹೋವರ್‌ಗೆ ಧೈರ್ಯವಿಲ್ಲ ಎಂದು ಬಹಿರಂಗವಾಗಿ ಜರೆದು, ಸರ್ಕಾರದ ಪರವಾಗಿ ಹೋಗಬೇಕಿದ್ದ ಸೋವಿಯತ್ ಪ್ರವಾಸವನ್ನು ಕೈಬಿಟ್ಟವರು ಇದೇ ಹಸನ್ಮುಖಿ. ಈ ಎರಡನ್ನೂ ನಾನು ಬೇರೆ ಬೇರೆಯಾಗಿ ತಿಳಿದಿದ್ದೆ. ತಾತನ ಮಾತಿನ ಪಕ್ಕದಲ್ಲಿ ಈ ಮುಖವನ್ನು ಇಟ್ಟು ನೋಡಿರಲಿಲ್ಲ.

“ಹೇಗಿದೆ?” ಎಂದು ಮಗಳು ಕೇಳಿದಳು. ಇನ್ನೊಂದು ಸಲ ಹಾಕು ಎಂದೆ. ನಾಲ್ಕು ಸಲ ಹಾಕಿದಳು.

ಊರಿಗೆ ಮರಳಿದ ಮೇಲೆ ಬೀರುವಿನಿಂದ ಹಳೆಯ ಪುಸ್ತಕವನ್ನು ತೆಗೆದೆ. ಬಲ್ಬುಗಳ ಪುಟದ ಅಂಚಿನಲ್ಲಿ ಪೆನ್ಸಿಲಿನ ಟಿಪ್ಪಣಿಗೆ ಜಾಗ ಸಾಲದೆ ಅಕ್ಷರಗಳು ಕೆಳಗಿನವರೆಗೂ ಇಳಿದಿವೆ. “ಹತ್ತು ಅಂಕಕ್ಕೆ ಬರಬಹುದು” ಎಂದೂ ಬರೆದಿದೆ. ಅದಾದ ಮೇಲೆ ಬರುವ ಕಂಪನದ ವಾಕ್ಯದ ಪಕ್ಕದಲ್ಲಿ ಏನೂ ಇಲ್ಲ, ಒಂದು ಅಡ್ಡಗೆರೆ ಕೂಡ.