ನಮ್ಮ ಟ್ರಾಮ್ ಸ್ಟಾಪಿನ ಹೆಸರಿನವನು

ಪ್ಯಾರಿಸ್ಸಿಗೆ ಉತ್ತರದಲ್ಲಿ ಅಂಟಿಕೊಂಡಿರುವ ಸಾಂ-ದೆನಿ ಎಂಬ ಊರಿನಲ್ಲಿ ನಮ್ಮ ಮನೆ. ರೈಲ್ವೆ ಸ್ಟೇಷನ್ ಹತ್ತಿರ ಟಿ1 ಟ್ರಾಮ್ ಹತ್ತಿದರೆ ಮುಂದಿನ ಸ್ಟಾಪೇ ನಮ್ಮದು. ಬಂದ ಹೊಸದರಲ್ಲಿ ಬೋರ್ಡನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ 'ಗೆರಾರ್ಡ್ ಫಿಲಿಪೆ' ಎಂದು ಓದಿಕೊಂಡಿದ್ದೆ. ಟ್ರಾಮಿನೊಳಗಿನ ಹೆಂಗಸಿನ ದನಿ ಮಾತ್ರ 'ತೆಯಾತ್ರ್ ಜೆರಾರ್ ಫಿಲಿಪ್' ಎನ್ನುತ್ತಿತ್ತು. ಎರಡೂ ಒಂದೇ ಎಂದು ಗೊತ್ತಾಗುವ ಮೊದಲು ಒಂದು ಸಂಜೆ ಇಳಿಯದೆ ಕೂತು, ಎರಡು ಸ್ಟಾಪ್ ಮುಂದೆ ಬಸಿಲಿಕಾ ತನಕ ಹೋಗಿ, ನಡೆದು ವಾಪಸ್ ಬಂದಿದ್ದೇನೆ. ಕೈಯಲ್ಲಿ ಲಾ ಶಪೆಲ್‌ನ ತಮಿಳರ ಅಂಗಡಿಯಿಂದ ತಂದ ಐದು ಕೆಜಿ ಅಕ್ಕಿ ಬೇರೆ.

ಯಾರೀತ? ಹಳೆಯ ಕಾರ್ಪೊರೇಟರ್ ಯಾರೋ ಇರಬೇಕು ಅಂದುಕೊಂಡು ಸುಮ್ಮನಾಗಿದ್ದೆ. ಮೂರನೇ ಮಹಡಿಯ ಅಜ್ಜಿಯ ಹತ್ತಿರ ಒಮ್ಮೆ ಹಾಗೇ ಹೇಳಿಯೂ ಬಿಟ್ಟೆ. ಅವರು ಕೈಯಲ್ಲಿದ್ದ ಕಾಫಿ ಬಟ್ಟಲು ಕೆಳಗಿಟ್ಟರು. "ಕಾರ್ಪೊರೇಟರ್? ನಾನು ಹದಿನೆಂಟರ ಹುಡುಗಿಯಾಗಿದ್ದಾಗ ಅವನನ್ನು ಪ್ರೀತಿಸುತ್ತಿದ್ದೆ ಮಗಳೇ. ನನ್ನ ಗಂಡನಿಗೂ ಅದು ಗೊತ್ತಿತ್ತು."

ಅವತ್ತಿನಿಂದ ನನಗೆ ಈ ಮನುಷ್ಯನ ಹುಚ್ಚು ಹಿಡಿಯಿತು.

ನಾಟಕ, ಸಿನಿಮಾ ಎರಡರಲ್ಲೂ ಹೆಸರು ಮಾಡಿದ ಈ ನಟ ಜೆರಾರ್ ಹುಟ್ಟಿದ್ದು 1922ರ ಡಿಸೆಂಬರ್ 4ರಂದು, ದಕ್ಷಿಣದ ಕಡಲೂರು ಕಾನ್‌ನಲ್ಲಿ. ಮನೆತನದ ಹೆಸರು ಬರೀ ಫಿಲಿಪ್, ಕೊನೆಯಲ್ಲಿ 'ಇ' ಇರಲಿಲ್ಲ. ಹೆಸರೂ ಮನೆಹೆಸರೂ ಸೇರಿ ಹದಿಮೂರು ಅಕ್ಷರ ಆಗಲಿ, ಅದೃಷ್ಟ ಬರಲಿ ಎಂದು ಆಮೇಲೆ ಸೇರಿಸಿಕೊಂಡದ್ದು ಆ 'ಇ'. ಅವನ ತಾಯಿ ಇಸ್ಪೀಟ್ ಎಲೆ ಹರಡಿ ಭವಿಷ್ಯ ನೋಡುತ್ತಿದ್ದ ಹೆಂಗಸು. ನಮ್ಮಲ್ಲಿ ನ್ಯೂಮರಾಲಜಿ ನೋಡಿ ಹೆಸರಿಗೆ ಇನ್ನೊಂದು 'ಎ' ತೂರಿಸುವ ನಟರನ್ನು ನೋಡಿ ನಗುತ್ತೇವೆ, ಅಲ್ವಾ? ಬಾಯಲ್ಲಿ ಹೇಳದೇ ಇರುವ ಆ ಅಕ್ಷರವನ್ನು ಜೋರಾಗಿ ಹೇಳಿ ನಾನು ಸ್ಟಾಪ್ ತಪ್ಪಿಸಿಕೊಂಡಿದ್ದೆ.

ಮೊದಲು ರಂಗಕ್ಕೆ ಬಂದದ್ದು ಯುದ್ಧದ ನಡುವೆ, 1942ರಲ್ಲಿ, ನೀಸ್ ಊರಿನಲ್ಲಿ. 1944ರ ಆಗಸ್ಟ್‌ನಲ್ಲಿ ಪ್ಯಾರಿಸ್ ಜರ್ಮನ್ನರ ಕೈಯಿಂದ ಬಿಡುಗಡೆ ಆಗುವಾಗ ನಗರಸಭೆ ಕಟ್ಟಡದ ಹೋರಾಟದಲ್ಲಿ ಈ ಹುಡುಗನೂ ಇದ್ದ. ಅಪ್ಪನದು ಇದಕ್ಕೆ ಪೂರ್ತಿ ತಿರುಗುಮುರುಗು ದಾರಿ. ನಾಜಿಗಳ ಜೊತೆ ಕೈಜೋಡಿಸಿದವರ ಪಕ್ಷದಲ್ಲಿದ್ದ ಆತನಿಗೆ ಯುದ್ಧ ಮುಗಿದ ಮೇಲೆ ಮರಣದಂಡನೆ ವಿಧಿಸಿದರು. ಅಷ್ಟರಲ್ಲಿ ಸ್ಪೇನಿಗೆ ಓಡಿಹೋಗಿದ್ದ. ಒಂದೇ ಮನೆಯ ಊಟದ ಮೇಜಿನಲ್ಲಿ ಇವರಿಬ್ಬರೂ ಏನು ಮಾತಾಡಿರಬಹುದು ಅಂತ ಎಷ್ಟೋ ಸಲ ಯೋಚಿಸಿದ್ದೇನೆ.

1945ರಲ್ಲಿ ಆಲ್ಬೆರ್ ಕಮೂ ಬರೆದ 'ಕಲಿಗುಲ' ನಾಟಕದಲ್ಲಿ ಹುಚ್ಚು ಚಕ್ರವರ್ತಿಯ ಪಾತ್ರ ಸಿಕ್ಕಿತು. ವಯಸ್ಸು 22. ಎರಡು ವರ್ಷದ ನಂತರ ಒಂದು ಸಿನಿಮಾ. ಗಂಡ ಯುದ್ಧಕ್ಕೆ ಹೋದಾಗ ಹೆಂಡತಿಯನ್ನು ಪ್ರೀತಿಸುವ ಶಾಲಾ ಹುಡುಗನ ಕತೆ. ದೊಡ್ಡ ಗಲಾಟೆ ಆಯಿತು. ಬ್ರಸೆಲ್ಸ್ ಚಿತ್ರೋತ್ಸವದಲ್ಲಿ ಅವನಿಗೆ ಉತ್ತಮ ನಟ ಪ್ರಶಸ್ತಿಯೂ ಬಂತು. 1952ರ ಕತ್ತಿವರಸೆಯ ಸಿನಿಮಾ 'ಫಾಂಫಾಂ ಲ ತ್ಯುಲಿಪ್' ಅಂತೂ ರಷ್ಯಾದ ತನಕ ಓಡಿತು. ಕುದುರೆ, ಜಿಗಿತ, ಹುಡುಗಾಟದ ನಗು. ಒಂದು ಭಾನುವಾರ ಅದನ್ನು ನೋಡಿದಾಗ ನಮ್ಮ ಅಪ್ಪನ ಕಾಲದ ಟೆಂಟ್ ಸಿನಿಮಾದಲ್ಲಿ ಕೂತ ಹಾಗಾಯಿತು. ನಿಜ ಹೇಳಬೇಕೆಂದರೆ ಅವನ ಎಷ್ಟೋ ಸಿನಿಮಾಗಳು ಈಗ ಸ್ವಲ್ಪ ಹಳೆಯ ವಾಸನೆ ಹೊಡೆಯುತ್ತವೆ. ಆ ಕಾಲದಲ್ಲೇ ಫ್ರೆಂಚ್ ಸಿನಿಮಾದ ಹೊಸ ಅಲೆಯ ಹುಡುಗರು, ಅದರಲ್ಲೂ ಆಗ ವಿಮರ್ಶಕನಾಗಿದ್ದ ತ್ರುಫೋ, ಅವನನ್ನು ಚೆನ್ನಾಗಿ ಬೈದಿದ್ದರು. ಅಜ್ಜಿಯ ಮುಂದೆ ಮಾತ್ರ ತ್ರುಫೋ ಹೆಸರು ಎತ್ತುವ ಹಾಗಿಲ್ಲ.

ಅಜ್ಜಿಗೆ ಸಿನಿಮಾಕ್ಕಿಂತ ನಾಟಕದ ನೆನಪೇ ಜಾಸ್ತಿ. ಆ ಕತೆಗೆ ಇನ್ನೊಬ್ಬ ಬೇಕು, ಜಾನ್ ವಿಲಾರ್. ಅವಿನ್ಯೋನ್ ಊರಿನಲ್ಲಿ ಹಿಂದೆ ಪೋಪ್‌ಗಳು ಇದ್ದ ಅರಮನೆಯ ಅಂಗಳದಲ್ಲಿ, ಆಕಾಶವೇ ಚಾವಣಿ ಮಾಡಿಕೊಂಡು, ಬೇಸಿಗೆಯಲ್ಲಿ ನಾಟಕ ಶುರು ಮಾಡಿದ ನಿರ್ದೇಶಕ. ಅವನು ಮೊದಲು ಕರೆದಾಗ ಜೆರಾರ್ ಒಪ್ಪಿರಲಿಲ್ಲ. ಆಮೇಲೆ 1950ರಲ್ಲಿ ತಾನೇ ವಿಲಾರ್‌ನ ಬಣ್ಣದ ಕೋಣೆಗೆ ಹೋಗಿ ನಿಮ್ಮ ಜೊತೆ ಕೆಲಸ ಮಾಡುತ್ತೇನೆ ಎಂದ. ಆಗಲೇ ಅವನು ದೊಡ್ಡ ಸ್ಟಾರ್.

ಮರುವರ್ಷ ಅವಿನ್ಯೋನ್‌ನಲ್ಲಿ 'ಲ ಸಿದ್' ಆಡಿದರು. ಕೋರ್ನೇಯ್ 17ನೇ ಶತಮಾನದಲ್ಲಿ ಪದ್ಯದಲ್ಲಿ ಬರೆದ ನಾಟಕ. ಅಪ್ಪನ ಮಾನ ಉಳಿಸಲು ಪ್ರೀತಿಸಿದ ಹುಡುಗಿಯ ಅಪ್ಪನನ್ನೇ ಕೊಲ್ಲಬೇಕಾದ ರೊದ್ರೀಗ್‌ನ ಕತೆ. ಇಲ್ಲಿ ಎಲ್ಲರೂ ಶಾಲೆಯಲ್ಲಿ ಬಾಯಿಪಾಠ ಮಾಡಿ, ಅದೇ ಕಾರಣಕ್ಕೆ ದ್ವೇಷಿಸಿದ ನಾಟಕ. "ನಮ್ಮ ಟೀಚರ್ ಬಾಯಲ್ಲಿ ಅದು ಗೋಡೆ. ಅವನ ಬಾಯಲ್ಲಿ ಹೊಳೆ" ಎನ್ನುತ್ತಾರೆ ಅಜ್ಜಿ.

ಅದೇ ವರ್ಷ ವಿಲಾರ್‌ಗೆ ಪ್ಯಾರಿಸ್ಸಿನ ರಾಷ್ಟ್ರೀಯ ಜನತಾ ರಂಗಮಂದಿರದ ಹೊಣೆ ಬಂತು. ಐಫೆಲ್ ಟವರ್ ಎದುರಿನ ಶೈಯೋ ಅರಮನೆಯಲ್ಲಿ ಎರಡೂವರೆ ಸಾವಿರಕ್ಕೂ ಜಾಸ್ತಿ ಸೀಟುಗಳ ಹಾಲ್. ಆಗ ಇಲ್ಲಿನ ಥಿಯೇಟರುಗಳಲ್ಲಿ ಸೀಟು ತೋರಿಸುವವಳಿಗೆ ಟಿಪ್ಸ್ ಕೊಡಲೇಬೇಕಿತ್ತು, ಕೋಟು ಇಡಲೂ ದುಡ್ಡು. ವಿಲಾರ್ ಎರಡನ್ನೂ ತೆಗೆದುಹಾಕಿದ. ಕಾರ್ಮಿಕರಿಗೆ ಕೊನೆಯ ಮೆಟ್ರೋ ತಪ್ಪದಿರಲಿ ಎಂದು ಆಟವನ್ನು ಎಂಟು ಗಂಟೆಗೇ ಶುರು ಮಾಡಿದ. ಟಿಕೆಟ್ಟುಗಳು ಕಾರ್ಖಾನೆಯ ನೌಕರರ ಸಮಿತಿಗಳ ಮೂಲಕವೂ ಹೋಗುತ್ತಿದ್ದವು. ಅಜ್ಜಿಯ ಅಪ್ಪ ಇದೇ ಊರಿನ ಕಾರ್ಖಾನೆಯಲ್ಲಿ ಫಿಟ್ಟರ್. ಒಂದು ಸಂಜೆ ಎಣ್ಣೆ ಕೈಯಲ್ಲೇ ಎರಡು ಟಿಕೆಟ್ ಹಿಡಿದುಕೊಂಡು ಬಂದರಂತೆ. ಅಮ್ಮನಿಗೆ ಹುಷಾರಿರಲಿಲ್ಲ, ಮಗಳಿಗೆ ಅದೃಷ್ಟ ಹೊಡೆಯಿತು. ಅಪ್ಪ ಮೊದಲ ಸಲ ಥಿಯೇಟರ್ ಒಳಗೆ ಕಾಲಿಟ್ಟದ್ದು ಅವತ್ತೇ. ಟೈ ಇಲ್ಲ ಎಂದು ಬಾಗಿಲಲ್ಲೇ ಹೆದರಿ ನಿಂತಿದ್ದರಂತೆ. ಯಾರೂ ಕೇಳಲಿಲ್ಲ.

ಸಿನಿಮಾದಲ್ಲಿ ಕೈತುಂಬ ಗಳಿಸುವ ಜೆರಾರ್ ಇಲ್ಲಿ ತಂಡದ ಉಳಿದವರ ಹಾಗೆ ಸಂಬಳ ತೆಗೆದುಕೊಂಡು ಆಡುತ್ತಿದ್ದ. ನಟರ ಹಕ್ಕಿನ ಜಗಳಕ್ಕೂ ಇಳಿದ. 1957ರಲ್ಲಿ 'ನಟರು ನಾಯಿಗಳಲ್ಲ' ಎಂಬ ಹೆಸರಿನಲ್ಲೇ ಲೇಖನ ಬರೆದ. ಒಡೆದಿದ್ದ ನಟರ ಸಂಘಗಳು ಮರುವರ್ಷ ಒಂದಾದಾಗ ಅಧ್ಯಕ್ಷನೂ ಆದ.

ನನಗೆ ಅವನು ಹತ್ತಿರವಾದದ್ದು ದನಿಯಿಂದ. ಅವನು ನಿರೂಪಕನಾಗಿ 1954ರಲ್ಲಿ 'ಲ ಪ್ತಿ ಪ್ರಾಂಸ್' (ಪುಟ್ಟ ರಾಜಕುಮಾರ) ಪುಸ್ತಕದ ರೆಕಾರ್ಡ್ ಮಾಡಿದ್ದಾನೆ. ಫ್ರೆಂಚ್ ಕಲಿಯುವವರು ಒಮ್ಮೆ ಕೇಳಿ ನೋಡಿ. ಬೀದಿಯ ಫ್ರೆಂಚ್ ನನ್ನ ಕಿವಿಯ ಪಕ್ಕ ಟ್ರಾಮಿನ ಹಾಗೆ ಹಾದು ಹೋಗುತ್ತಿತ್ತು. ಇವನು ಪ್ರತಿ ಮಾತನ್ನೂ ಬಿಡಿಸಿ, ಆದರೆ ಪಾಠದ ಹಾಗೆ ಅಲ್ಲದೆ, ಪಕ್ಕದಲ್ಲಿ ಕೂತು ಹೇಳಿದ ಹಾಗೆ ಹೇಳುತ್ತಾನೆ. ಸಾರಿಗೆ ಒಗ್ಗರಣೆ ಹಾಕುತ್ತಾ ಕೇಳಿ ಕೇಳಿ ಅರ್ಧ ನನಗೂ ಬಾಯಿಗೆ ಬಂತು. ಮಗಳು ಈಗ ನನ್ನ 'ಆರ್' ಉಚ್ಚಾರಣೆಗೆ ನಗುವುದು ಸ್ವಲ್ಪ ಕಡಿಮೆ.

1959ರಲ್ಲಿ ಮೆಕ್ಸಿಕೋದಲ್ಲಿ ನಿರ್ದೇಶಕ ಬುನ್ಯುಯೆಲ್‌ನ ಸಿನಿಮಾದ ಶೂಟಿಂಗ್ ಮುಗಿಸಿ ಬಂದವನಿಗೆ ಸುಸ್ತು ಬಿಡಲಿಲ್ಲ. ನವೆಂಬರ್‌ನಲ್ಲಿ ಹೊಟ್ಟೆ ಕೊಯ್ದು ನೋಡಿದರೆ ಪಿತ್ತಜನಕಾಂಗದ ಕ್ಯಾನ್ಸರ್. ಡಾಕ್ಟರು ಹೆಂಡತಿ ಆನ್‌ಗೆ ಹೇಳಿದರು. ಆಕೆ ಅವನಿಗೆ ಹೇಳಲಿಲ್ಲ. ಮನೆಗೆ ಕರೆದುಕೊಂಡು ಬಂದರು. ಅವನು ಮುಂದೆ ಆಡಬೇಕಾದ ಪಾತ್ರಗಳಿಗಾಗಿ ಓದುತ್ತಾ ಮಲಗಿದ್ದ. ನವೆಂಬರ್ 25ರಂದು ಹೋಗಿಬಿಟ್ಟ. 37 ತುಂಬಲು ಒಂಬತ್ತು ದಿನ ಬಾಕಿ. ಮಕ್ಕಳಿಬ್ಬರೂ ಇನ್ನೂ ಪುಟ್ಟವು. ರೊದ್ರೀಗ್‌ನ ವೇಷದಲ್ಲೇ ಅವನನ್ನು ದಕ್ಷಿಣದ ರಾಮಾತ್ಯುಯೆಲ್ ಎಂಬ ಗುಡ್ಡದ ಹಳ್ಳಿಯಲ್ಲಿ ಮಣ್ಣು ಮಾಡಿದರು.

ಇಷ್ಟು ಓದುವಾಗ ನಿಮಗೂ ಶಂಕರ್‌ನಾಗ್ ನೆನಪಾಗಿರಬೇಕು. 35ಕ್ಕೇ ಹೋದ ಶಂಕ್ರಣ್ಣನಿಗೂ ನಾಟಕ, ಸಿನಿಮಾ ಎರಡೂ ಬೇಕಿತ್ತು. ಅವನ ಹೆಸರಿನ ಆಟೋ ನಿಲ್ದಾಣ ನಮ್ಮ ಊರೂರಲ್ಲಿ ಇದೆ. ಇಲ್ಲಿ ಇವನಿಗೆ ಟ್ರಾಮ್ ಸ್ಟಾಪು. ಆಗ ಕಮ್ಯುನಿಸ್ಟರ ಕೈಯಲ್ಲಿದ್ದ ಈ ಕಾರ್ಮಿಕರ ಊರು ತನ್ನ ರಂಗಮಂದಿರಕ್ಕೆ ಅವನ ಹೆಸರಿಟ್ಟಿತು, ಸ್ಟಾಪಿಗೆ ಹೆಸರು ಬಂದದ್ದು ಅಲ್ಲಿಂದ.

ಕಳೆದ ವಾರ ಅಜ್ಜಿ ಬಿಸ್ಕತ್ತಿನ ಡಬ್ಬಿಯಿಂದ ಒಂದು ಹಳೆಯ ಹಾಳೆ ತೆಗೆದು ಕೊಟ್ಟರು. ಅವತ್ತಿನ ನಾಟಕದ ನಟರ ಪಟ್ಟಿ. ನಾನು ಮೇಲಿನಿಂದ ದೊಡ್ಡ ಅಕ್ಷರ ಹುಡುಕಿದೆ. ಸಿಗಲಿಲ್ಲ. ಎಲ್ಲ ಹೆಸರೂ ಒಂದೇ ಅಳತೆ.

"ಮೇಲೆ ಯಾಕೆ ನೋಡುತ್ತೀ?" ಎಂದರು ಅಜ್ಜಿ. "ಅವರಲ್ಲಿ ಎಲ್ಲ ಅಕ್ಷರಮಾಲೆ ಪ್ರಕಾರ. ಪಿ ಅಕ್ಷರಕ್ಕೆ ಬಾ."

ಕೆಳಗೆ ಬಂದೆ. ಸಿಕ್ಕಿದ. ಅವನಿಗಿಂತಲೂ ಕೆಳಗೆ, ವಿ ಅಕ್ಷರದಲ್ಲಿ, ಯಜಮಾನ ವಿಲಾರ್.